ನೀರ್ದ ಗಂಜಿಯ ಬೊಬ್ಬೆ

ಮೂಡಬಿದ್ರೆಯ ಕಣ್ಣಿನ ಡಾಕ್ಟರು ಕಣ್ಣಿಗೆ ಮದ್ದು ಬಿಟ್ಟು, "ಸಂಜೆವರೆಗೆ ಮಬ್ಬು ಮಬ್ಬು ಕಾಣ್ತದೆ ಅಜ್ಜಿ, ಹೆದರಬೇಡಿ" ಅಂದರು. ಹೆದರುವುದು ಎಂತಕ್ಕೆ? ಅಷ್ಟು ಚಂದದ್ದು ನೋಡಲಿಕ್ಕೆ ಈಗ ಎಂತ ಉಂಟು? ಸೊಸೆ ವನಿತಾ ಮದ್ದಿನ ಅಂಗಡಿಗೆ ಹೋದಳು. ನಾನು ಮೈದಾನದ ಬದಿಯ ಕಟ್ಟೆಯಲ್ಲಿ ಕೂತೆ. ಒಳಗೆ ಕಬಡ್ಡಿ ನಡೆಯುತ್ತಿತ್ತು. ನನಗೆ ಕಂಡದ್ದು ಕೆಂಪು ಹಳದಿ ಬನಿಯನುಗಳು ಅಷ್ಟೆ. ಆದರೆ ಕಿವಿಗೆ ಯಾರೂ ಮದ್ದು ಬಿಟ್ಟಿರಲಿಲ್ಲ.

ರೈಡಿಗೆ ಹೋದವನನ್ನು ಹಿಡಿದು ಬೀಳಿಸಿದರು ಅಂತ ಕಾಣುತ್ತದೆ. ಒಂದು ಬದಿಯ ಜನ ಎದ್ದು ಕೇಳಿದರು, "ಏರೆನ ಗಂಜಿ?" ಇನ್ನೊಂದು ಬದಿಯವರು ಮೈದಾನ ಹಾರಿಹೋಗುವ ಹಾಗೆ ಹೇಳಿದರು, "ನೀರ್ದ ಗಂಜಿ!"

ತುಳು ಬಾರದವರಿಗೆ ಹೇಳಿಬಿಡುತ್ತೇನೆ. ಯಾರ ಗಂಜಿ? ನೀರಿನ ಗಂಜಿ.

ನನ್ನ ಪಕ್ಕದಲ್ಲಿ ಒಂದು ಕಾಲೇಜು ಹುಡುಗಿ ನಿಂತು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದಳು.

"ಇದೆಂತ ಬೊಬ್ಬೆ ಮಗಾ?" ಅಂತ ಕೇಳಿದೆ.

"ಇದಾ ಅಜ್ಜಿ? ಇದು ನಮ್ಮ ಕಾಲೇಜಿನದ್ದು. ನಮ್ಮ ಸೀನಿಯರುಗಳು ಮಾಡಿದ್ದು. ಈಗ ಎಲ್ಲರೂ ಕಾಪಿ ಹೊಡೀತಾರೆ."

"ಹೌದಾ? ಗಂಜಿ ಯಾರದ್ದು?"

"ಗಂಜಿ ಯಾರದ್ದೂ ಅಲ್ಲ ಅಜ್ಜಿ. ಎದುರಿನ ಟೀಮು ನೀರು ನೀರು, ಗಟ್ಟಿ ಇಲ್ಲ ಅಂತ. ಪೊಕ್ಕಡೆ, ಸುಮ್ಮನೆ ಹೇಳುವುದು. ಅರ್ಥ ಎಂತ ಇಲ್ಲ."

ಅರ್ಥ ಇಲ್ಲವಂತೆ! ನಾನು ಜಗಳಕ್ಕೆ ಹೋಗಲಿಲ್ಲ. ಮದ್ದು ತೆಗೆದುಕೊಂಡು ಬಂದ ವನಿತಾ ಬೊಬ್ಬೆ ಕೇಳಿ ನಿಂತಳು. "ಅತ್ತೆ, ಇನ್ನು ನೀವು ಹೇಳಿದರೆ ಕಾಪಿ ಹೊಡೆದವರು ನೀವೇ ಆಗ್ತೀರಿ" ಅಂತ ನಕ್ಕಳು. ಬೆಳ್ತಂಗಡಿಯಲ್ಲಿ ಕೇಳಿದರೆ ಯಾರೋ ಡಿಜೆಯವನು ಮಾಡಿದ್ದು ಅನ್ನುತ್ತಾರೆ. ಬಂಟ್ವಾಳದ ರಿಕ್ಷಾ ಪಾರ್ಕಿನವರು ಅದು ತಮ್ಮ ಕ್ರಿಕೆಟ್ ಟೀಮಿನದ್ದು ಅಂತ ಆಣೆ ಹಾಕುತ್ತಾರೆ. ಎಲ್ಲರೂ ಅಪ್ಪಂದಿರೇ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಸೊಟ್ಟ ಆದರೆ ವನಿತಾ ಸರಿ ಮಾಡಲಿ. ವಿಷಯಕ್ಕೆ ಮಾತ್ರ ಕೈ ಹಾಕಬೇಡ ಅಂತ ಅವಳಿಗೆ ಹೇಳಿದ್ದೇನೆ.

ನಮ್ಮದು ಶಿರ್ತಾಡಿಯಿಂದ ಒಳಗೆ. ಅಲ್ಲಿ ಮೇಲಿನ ಮನೆ ಅಂದರೆ ಧಣಿಗಳ ಮನೆ. ಮನೆಯ ಎದುರು ಬಾಕಿಮಾರು ಗದ್ದೆ, ಊರಿನಲ್ಲೇ ದೊಡ್ಡದು. ಲಂಗ ಹಾಕುವ ಪ್ರಾಯದಿಂದ ನಾನು ಅದರಲ್ಲಿ ನೇಜಿ, ಅಂದರೆ ಭತ್ತದ ಸಸಿ ನೆಟ್ಟವಳು. ಬೆನ್ನ ಮೇಲೆ ಮಳೆಗೆ ಓಲೆಯ ಕೊರಂಬು, ಸೊಂಟ ಬಗ್ಗಿಸಿ ಸಾಲಾಗಿ ನಿಲ್ಲುವುದು, ನೆಡುತ್ತಾ ನೆಡುತ್ತಾ ಹಿಂದೆ ಹೋಗುವುದು. ನೇಜಿ ನೆಡುವವರು ಮುಂದೆ ಹೋಗುವ ಕ್ರಮ ಇಲ್ಲ. ಮುಂದೆ ಹೋದರೆ ನೆಟ್ಟದ್ದನ್ನು ನಾವೇ ತುಳಿಯಬೇಕಷ್ಟೆ. ಎಲ್ಲರೂ ಒಟ್ಟಿಗೆ ಹಿಂದೆ ಕಾಲಿಡಬೇಕು. ಒಬ್ಬಳು ಬಾಕಿಯಾದರೆ ಸಾಲು ಹಾವಿನ ಹಾಗೆ ಆಗುತ್ತದೆ. ಅದಕ್ಕೆ ಒಬ್ಬಳು ಹೇಳಿಕೊಡುವುದು, ಬಾಕಿಯವರು ಓಗೊಡುವುದು. ಚಂದಕ್ಕೆ ಅಂತ ಯಾರೂ ಹಾಡುತ್ತಿರಲಿಲ್ಲ. ಕಾಲು ಒಟ್ಟಿಗೆ ಏಳಲಿಕ್ಕೆ ಹಾಡುವುದು.

ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನ ಮನೆಯಿಂದ ಗಂಜಿ ಬರುತ್ತಿತ್ತು. ಅಡಿಕೆ ಹಾಳೆ ಮಡಚಿ ಅದರಲ್ಲಿ ಹೊಯ್ಯುವುದು. ಒಂದು ದಿವಸ ಅಪ್ಪಿಯಕ್ಕ, ಅಂದರೆ ನಮಗೆಲ್ಲ ಹೇಳಿಕೊಡುತ್ತಿದ್ದ ದೊಡ್ಡ ಹೆಂಗಸು, ಹಾಳೆಯೊಳಗೆ ಬಗ್ಗಿ ನೋಡಿ ಸುಮ್ಮನೆ ಕೂತಳು. "ಎಂತ ಅಪ್ಪಿಯಕ್ಕ?" ಅಂತ ಕೇಳಿದರೆ, "ಮೋಡ ಕಾಣ್ತಾ ಉಂಟು ಮಾರಾಯ್ತಿ. ಅನ್ನ ಹುಡುಕ್ತಾ ಇದ್ದೇನೆ" ಅಂದಳು. ಮತ್ತೆ ಎಲ್ಲರ ಹಾಳೆಗೂ ಬಗ್ಗಿ ನೋಡಿ ದೊಡ್ಡದಾಗಿ ಕೇಳಿದಳು, "ಏರೆನ ಗಂಜಿ ಇದು?" ಯಾರೋ ಒಬ್ಬಳು, "ನೀರ್ದ ಗಂಜಿ" ಅಂದಳು. ನಾವು ನಗಾಡಿದೆವು. ಹೊಟ್ಟೆಗೆ ಇಲ್ಲದಾಗ ನಗು ಜಾಸ್ತಿ ಬರುತ್ತದೆ, ಅದು ಯಾಕೆ ಅಂತ ನನಗೆ ಗೊತ್ತಿಲ್ಲ.

ಗಂಜಿ ಕುಡಿದು ಗದ್ದೆಗೆ ಇಳಿದ ಮೇಲೆ ಅಪ್ಪಿಯಕ್ಕ ಹಳೆಯ ಹಾಡು ಬಿಟ್ಟು ಇದನ್ನೇ ಹಿಡಿದಳು. "ಏರೆನ ಗಂಜಿ?" ಅಂದಾಗ ನೇಜಿ ಊರುವುದು. "ನೀರ್ದ ಗಂಜಿ" ಅಂದಾಗ ಎಲ್ಲರೂ ಒಟ್ಟಿಗೆ ಕಾಲು ಕಿತ್ತು ಹಿಂದೆ ಇಡುವುದು. ಎಷ್ಟು ಸಲೀಸಾಗಿ ಸಾಲು ಹೋಯಿತು ಅಂದರೆ ಮಧ್ಯಾಹ್ನಕ್ಕೆ ಅರ್ಧ ಗದ್ದೆ ಹಸುರು.

ಆದರೆ ಒಂದು ನಿಯಮ ಇತ್ತು. ಹುಣಿಯಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ ಧಣಿಗಳ ಕಪ್ಪು ಕೊಡೆ ಕಂಡಿತೋ, ಬೊಬ್ಬೆ ಅಲ್ಲಿಗೇ ನಿಲ್ಲಬೇಕು. ಕೂಡಲೇ ದೇವರ ಹಾಡು. ಕೊಡೆ ಆಚೆ ತಿರುಗಿದರೆ ಮತ್ತೆ ಗಂಜಿ. ಧಣಿಗಳು, "ನಮ್ಮ ಆಳುಗಳಿಗೆ ಭಕ್ತಿ ಜಾಸ್ತಿ" ಅಂತ ನೆಂಟರಿಗೆ ಹೇಳುತ್ತಿದ್ದರಂತೆ. ಅಷ್ಟು ವರ್ಷ ನೆಟ್ಟೆವು, ಒಂದು ಸಲವೂ ಆ ಬೊಬ್ಬೆ ಆ ಮನೆಯವರ ಕಿವಿಗೆ ಬೀಳಲಿಲ್ಲ. ಬೀಳದ ಹಾಗೆ ನಾವೇ ನೋಡಿಕೊಂಡೆವು.

ಈಗ ಬಾಕಿಮಾರಿನಲ್ಲಿ ನೇಜಿ ನೆಡುವವರು ಇಲ್ಲ. ಒಂದು ಮೂಲೆಯಲ್ಲಿ ಮಿಷನ್ನು ನೆಡುತ್ತದೆ, ಬಾಕಿ ಹಡಿಲು ಬಿದ್ದ ಬೀಳು. ಮಳೆಗಾಲದ ಆಟಿ ತಿಂಗಳು ಬಂದರೆ ಅದನ್ನೇ ಉತ್ತು, ಕೆಸರು ಮಾಡಿ, ಆಟ ಆಡಿಸುತ್ತಾರೆ. ಕೆಸರುಗದ್ದೆ ಕ್ರೀಡಾಕೂಟ ಅಂತ ಬ್ಯಾನರು. ನಾವು ಕೂಲಿಗೆ ಇಳಿದ ಕೆಸರಿಗೆ ಈಗ ಜನ ಕಾರು ಮಾಡಿಕೊಂಡು ಬಂದು ಇಳಿಯುತ್ತಾರೆ, ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಇಳಿಯಲಿ. ಕೆಸರಿಗೆ ಎಂತ ನಷ್ಟ?

ನಾನು ಹೇಳುವ ಆಟಿಯಲ್ಲಿ ವನಿತಾಳ ಸಂಘದ ಹೆಂಗಸರು ಹಗ್ಗಜಗ್ಗಾಟಕ್ಕೆ ಹೆಸರು ಕೊಟ್ಟರು. ಎಲ್ಲರೂ ಬೀಡಿ ಕಟ್ಟುವವರು. ದಿನವಿಡೀ ಬೀಡಿ ಎಲೆಯ ಸೂಪು, ಅಂದರೆ ಮೊರ, ಮಡಿಲಲ್ಲಿ ಇಟ್ಟುಕೊಂಡು ಕೂತು ಕೂತು ಮಂಡಿ ಹಿಡಿದವರು. ವನಿತಾ ಶಾಲೆಯಲ್ಲಿ ಓಟದಲ್ಲಿ ಮುಂದೆ ಇದ್ದಳಂತೆ. ಮದುವೆಯಾದ ಮೇಲೆ ಅವಳು ಓಡಿದ್ದು ಬಸ್ಸು ಹಿಡಿಯಲಿಕ್ಕೆ ಮಾತ್ರ. ಗೆದ್ದ ಟೀಮು ಬಂಟ್ವಾಳದ ದೊಡ್ಡ ಕೂಟಕ್ಕೆ ಹೋಗುವುದು ಅಂತ ಇತ್ತು. ಅಲ್ಲಿ ಬೆನ್ನಿಗೆ ನಂಬರು ಇರುವ ಬನಿಯನು ಕೊಡುತ್ತಾರೆ. ವನಿತಾಳಿಗೆ ಅದೊಂದು ಹುಚ್ಚು. "ಅತ್ತೆ, ಒಂದು ಸಲ ನಂಬರು ಹಾಕ್ಕೊಂಡು ಮೈದಾನಕ್ಕೆ ಇಳಿಯಬೇಕು. ಆಮೇಲೆ ಸಾಯುವವರೆಗೆ ಬೀಡಿ ಕಟ್ತೇನೆ" ಅನ್ನುತ್ತಿದ್ದಳು.

ಅವರ ಅಭ್ಯಾಸ ನೋಡಲಿಕ್ಕೆ ನಾನು ಹೋದೆ. "ಒನ್, ಟು, ತ್ರೀ" ಅಂತ ಎಳೆಯುತ್ತಿದ್ದರು. ಒನ್ನಿಗೆ ಒಬ್ಬಳು, ಟೂಗೆ ಇನ್ನೊಬ್ಬಳು. ಕಾಲು ಕೆಸರಿನಲ್ಲಿ ಹೂತು ಎಲ್ಲರೂ ದಡಾರನೆ ಕುಂಡೆ ಊರಿದರು. ನಾನು ನಕ್ಕೆ.

"ನಗ್ಲಿಕ್ಕೆ ಎಂತ ಉಂಟು ಅತ್ತೆ? ಬನ್ನಿ, ನೀವು ಎಳೀರಿ ನೋಡುವ" ಅಂದಳು ವನಿತಾ.

"ಎಳೆಯುವುದು ಆಮೇಲೆ. ಮೊದಲು ಕೆಸರಿನಿಂದ ಕಾಲು ತೆಗೆಯಲಿಕ್ಕೆ ಕಲಿ. ಪಾದ ಇಡೀ ಎತ್ತಿದರೆ ಕೆಸರು ಬಿಡ್ತದಾ? ಹಿಮ್ಮಡಿ ಮೊದಲು. ಹಿಮ್ಮಡಿ ಎತ್ತಿ, ಪಾದ ಸ್ವಲ್ಪ ತಿರುಗಿಸಿ, ಜಾರಿಸಿ ಹಿಂದೆ ಇಡು."

ಸೀರೆ ಎತ್ತಿ ಕಟ್ಟಿ ನಾನೂ ಇಳಿದೆ. ಹಗ್ಗ ಹಿಡಿಯಲಿಲ್ಲ, ಬದಿಯಲ್ಲಿ ನಿಂತೆ. ಎಷ್ಟೋ ವರ್ಷ ಆಗಿತ್ತು. ಬಾಯಿ ಮಾತ್ರ ಮರೆತಿರಲಿಲ್ಲ. ಕಾಲಿಗೆ ಕೆಸರು ತಾಗಿದ್ದೇ ತಡ, ಅದು ತಾನೇ ಹೊರಗೆ ಬಂತು: "ಏರೆನ ಗಂಜಿ?"

ಹೆಂಗಸರು ನನ್ನ ಮುಖ ನೋಡಿದರು. "ಯಾರ ಗಂಜಿ ಸುಂದರಿಯಕ್ಕ?" ಅಂದಳು ಮೈಮೂನ. ಹಗ್ಗದಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದ ಗಟ್ಟಿಗಿತ್ತಿ ಅವಳು.

"ಮೇಲಿನ ಮನೆಯದ್ದು" ಅಂತ ಎಲ್ಲ ಹೇಳಿದೆ. ಗಂಜಿ, ಮೋಡ, ಕಪ್ಪು ಕೊಡೆ. ಮೈಮೂನ ಹಗ್ಗ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನನ್ನ ಅಜ್ಜಿ ಅದೇ ಮನೆಯ ಭತ್ತ ಕುಟ್ಟಿದ್ದು. ನಿಮಗೆ ನೀರಾದರೂ ಸಿಕ್ಕಿತು ಮಾರಾಯ್ತಿ, ಅವಳಿಗೆ ಬರೇ ತೌಡು!"

ಆ ದಿವಸ ಅವರಿಗೆ ಒಂದೇ ಪಾಠ ಹೇಳಿದೆ. ಪ್ರಶ್ನೆಗೆ ಕಾಲು ಊರುವುದು, ಉಸಿರು ತೆಗೆದುಕೊಳ್ಳುವುದು. ಉತ್ತರಕ್ಕೆ ಒಟ್ಟಿಗೆ ಹಿಂದೆ. ಹೇಗೂ ನೇಜಿಯೂ ಹಿಂದೆಯೇ, ಹಗ್ಗವೂ ಹಿಂದೆಯೇ. ಸಂಜೆಯಾಗುವಾಗ ಗೂಟಕ್ಕೆ ಕಟ್ಟಿದ್ದ ಹಗ್ಗ ಎಳೆದು ಗೂಟವನ್ನೇ ಕಿತ್ತರು.

ಮೊದಲ ಆದಿತ್ಯವಾರದ ಆಟ ಪಕ್ಕದ ಊರಿನ ಗದ್ದೆಯಲ್ಲಿ. ನಾನು ಹುಣಿಯಲ್ಲಿ ನಿಂತು ಕೇಳಿದೆ, ಅವರು ಹೇಳಿದರು, ಎದುರಿನವರು ಕೆಸರು ತಿಂದರು. ಮೂರನೇ ಟೀಮು ಬೀಳುವಾಗ ನೋಡಲಿಕ್ಕೆ ಬಂದವರೂ ಉತ್ತರ ಹೇಳಲಿಕ್ಕೆ ಶುರು ಮಾಡಿದರು. ಬೊಬ್ಬೆ ಅಂದರೆ ಹಾಗೆಯೇ. ಪ್ರಶ್ನೆ ಕೇಳಿದರೆ ಯಾರಿಗಾದರೂ ಬಾಯಿ ತುರಿಸುತ್ತದೆ. ಡಿಜೆಯವನು ಎಷ್ಟು ದೊಡ್ಡ ಪೆಟ್ಟಿಗೆ ತಂದು ಇಟ್ಟರೂ ಅದು ಜನರ ಹತ್ತಿರ ಏನೂ ಕೇಳುವುದಿಲ್ಲ. ಸಂಜೆ ಗಂಡಸರ ಆಟಕ್ಕೂ ಅದೇ ಬೊಬ್ಬೆ. ಕಂಬಳದಲ್ಲಿ ಕೋಣ ಓಡಿಸುವವನ ಬೊಬ್ಬೆ ಎಲ್ಲಿಂದ ಬಂತು? ಉಳುವವನ ಬಾಯಿಯಿಂದ. ಆಟದ ಬೊಬ್ಬೆಗಳನ್ನು ಸ್ವಲ್ಪ ಕೆರೆದು ನೋಡಿ, ಅಡಿಯಲ್ಲಿ ಯಾರದ್ದೋ ಬೆನ್ನು ನೋವು ಇರುತ್ತದೆ.

ಎರಡು ದಿವಸ ಕಳೆದು ಮೇಲಿನ ಮನೆಯ ಪ್ರಭಾಕರಣ್ಣ ನಮ್ಮ ಅಂಗಳಕ್ಕೆ ಬಂದರು. ಧಣಿಗಳ ಮಗ, ಕ್ರೀಡಾಕೂಟದ ಅಧ್ಯಕ್ಷರು. ಕೆಟ್ಟವರಲ್ಲ. ಆಟಕ್ಕೆ ಗದ್ದೆ ಕೊಡುವುದು ಅವರೇ, ಹೋದವರಿಗೆಲ್ಲ ಊಟ ಹಾಕಿಸುವುದು ಅವರೇ. ಆ ವರ್ಷ ಧಣಿಗಳು ತೀರಿಹೋಗಿದ್ದರು. ಹೆಂಗಸರ ಹಗ್ಗಜಗ್ಗಾಟದ ಬಹುಮಾನದ ಫಲಕಕ್ಕೆ ಅವರ ಹೆಸರು ಇಟ್ಟಿದ್ದರು. ಅಂತಿಮ ಆಟ ಬಾಕಿಮಾರಿನಲ್ಲಿ.

ವನಿತಾ ಕುರ್ಚಿ ತಂದಿಟ್ಟಳು. ಅವರು ಕೂರಲಿಲ್ಲ.

"ಸುಂದರಿ, ಬೊಬ್ಬೆ ಕೇಳಿದೆ" ಅಂದರು.

"ಚಂದ ಉಂಟಲ್ಲ?"

"ಅದು ಯಾರ ಗಂಜಿ ಅಂತ ಊರಿನವರಿಗೆಲ್ಲ ಗೊತ್ತುಂಟು. ನನಗೆ ಮಾತ್ರ ಈಗ ಗೊತ್ತಾದದ್ದು, ಅದೂ ನನ್ನ ಹೆಂಡತಿ ಹೇಳಿ. ಅಪ್ಪನ ಫೋಟೊ ಇಟ್ಟು, ಅಪ್ಪನ ಹೆಸರಿನ ಫಲಕ ಇಟ್ಟು, ಅಪ್ಪನ ಗದ್ದೆಯಲ್ಲಿ ನಿಂತು ಅಪ್ಪನಿಗೆ ಬೈಯುವುದಾ? ನೀನೇ ಹೇಳು."

"ಬೈದದ್ದಲ್ಲ ಪ್ರಭಾಕರಣ್ಣ. ಇದ್ದದ್ದು."

"ನಿನ್ನ ಮಗ ಹುಟ್ಟುವಾಗ ಮಳೆಯಲ್ಲಿ ಕಾರು ಕಳಿಸಿದ್ದು ಯಾರು? ಅದು ನೆನಪಿಲ್ಲವಾ?"

"ಉಂಟು. ಕಾರು ಕಳಿಸಿದ್ದೂ ಹೌದು. ಗಂಜಿ ನೀರಾಗಿ ಇದ್ದದ್ದೂ ಹೌದು. ಎರಡೂ ಒಬ್ಬರೇ ಮಾಡಿದ್ದು, ನಾನೆಂತ ಮಾಡಲಿ?"

ಅವರ ಮುಖ ಕೆಂಪಾಯಿತು. "ನೋಡು, ಮೈಕಿನಲ್ಲಿ ಮೊದಲೇ ಹೇಳಿಸ್ತೇನೆ. ಯಾರನ್ನಾದರೂ ಹಂಗಿಸುವ ಬೊಬ್ಬೆ ಹಾಕಿದ ಟೀಮು ಗೆದ್ದರೂ ಸೋತ ಹಾಗೆ. ಬೇಕಾದರೆ ಒನ್ ಟು ತ್ರೀ ಹೇಳಿ. ಬೇಕಾದರೆ ದೇವರ ಹೆಸರು ಹೇಳಿ."

"ದೇವರ ಹೆಸರು ಹೇಳಿ ಅಭ್ಯಾಸ ಉಂಟು ನಮಗೆ. ನಿಮ್ಮ ಅಪ್ಪನ ಕೊಡೆ ಕಂಡ ಕೂಡಲೇ ಹೇಳ್ತಾ ಇದ್ದದ್ದು."

ಅವರು ತಿರುಗಿ ಹೋದರು. ವನಿತಾ ಕುರ್ಚಿ ಒಳಗೆ ಇಟ್ಟು ಬಂದು ನನ್ನೆದುರು ನಿಂತಳು. "ಅತ್ತೆ, ಈ ಒಂದು ಆದಿತ್ಯವಾರ. ಒಂದೇ. ನಮಗೆ ಈಗ ಹೆಜ್ಜೆ ಗೊತ್ತುಂಟು, ಬೊಬ್ಬೆ ಇಲ್ಲದೆಯೂ ಎಳೀತೇವೆ. ನನಗೆ ಬಂಟ್ವಾಳಕ್ಕೆ ಹೋಗಬೇಕು."

ಅವಳು ನನ್ನ ಹತ್ತಿರ ಬಾಯಿ ಬಿಟ್ಟು ಏನಾದರೂ ಕೇಳಿದವಳಲ್ಲ. "ಆಯ್ತು. ಬಾಕಿಮಾರಿನಲ್ಲಿ ನಾನು ಬಾಯಿ ತೆರೆಯುವುದಿಲ್ಲ" ಅಂದೆ. ಮಾತು ಕೊಟ್ಟದ್ದು ಅವಳಿಗೆ, ಮೇಲಿನ ಮನೆಗೆ ಅಲ್ಲ.

ಆದಿತ್ಯವಾರ ಬಾಯಿ ತುಂಬ ವೀಳ್ಯ ಹಾಕಿಕೊಂಡು ಹುಣಿಯಲ್ಲಿ ಕೂತೆ. ನನ್ನ ಒಟ್ಟಿಗೆ ಅಲ್ಲಿ ನೇಜಿ ನೆಟ್ಟ ಇನ್ನೂ ಕೆಲವು ಮುದುಕಿಯರು ಇದ್ದರು. ವೇದಿಕೆಯ ಮೇಲೆ ಧಣಿಗಳ ಫೋಟೊ, ಹಾರ, ದೀಪ. ಮೈಕಿನವನು ನಿಯಮ ಓದಿದ. ಎದುರಿನ ಟೀಮು ಅಳದಂಗಡಿಯವರದ್ದು. ಅವರ ನಾಯಕಿ ಶಶಿಕಲಾ, ರಬ್ಬರು ಟ್ಯಾಪಿಂಗಿಗೆ ಹೋಗುವವಳು, ಒಳ್ಳೆ ಕಂಬದ ಹಾಗೆ ಇದ್ದಳು.

ಮೊದಲ ಎಳೆತ ನಮ್ಮವರು ಸೋತರು. ಡಿಜೆಯವನ ಪದ್ಯ ಒಂದು ಕಡೆ, ಹೆಂಗಸರ ಕಾಲು ಒಂದು ಕಡೆ. ಎರಡನೆಯದರಲ್ಲಿ ಅಳದಂಗಡಿಯ ಒಬ್ಬಳು ಜಾರಿ ಬಿದ್ದಳು, ಮೈಮೂನ ಸಂದು ನೋಡಿ ಎಳೆದಳು, ಗೆದ್ದರು. ಉಳಿದದ್ದು ಒಂದೇ.

ಮೂರನೆಯದರಲ್ಲಿ ಹಗ್ಗ ಮೊದಲು ಅತ್ತಿತ್ತ ಅಲ್ಲಾಡಲಿಲ್ಲ. ಮತ್ತೆ ಮೆಲ್ಲಗೆ ಆಚೆ ಹೋಗಲಿಕ್ಕೆ ಶುರುವಾಯಿತು. ನಮ್ಮವರ ಹಿಮ್ಮಡಿ ಎದ್ದದ್ದು ನನಗೆ ಕಾಣುತ್ತಿತ್ತು. ಒಬ್ಬಳ ಹೆಜ್ಜೆ ಇನ್ನೊಬ್ಬಳಿಗೆ ಗೊತ್ತಿಲ್ಲ. ನನ್ನ ಗಂಟಲಲ್ಲಿ ಬೊಬ್ಬೆ ಬಂದು ನಿಂತಿತು. ವೀಳ್ಯ ಅಗಿದೆ. ಪಕ್ಕದ ಮುದುಕಿ ನನ್ನ ತೊಡೆಗೆ ಚಿವುಟಿದಳು, "ಹೇಳು, ಹೇಳು" ಅಂತ. ನಾನು ಹೇಳಲಿಲ್ಲ.

ಹೇಳಿದ್ದು ವನಿತಾ. ಹಗ್ಗದ ತುದಿ ಸೊಂಟಕ್ಕೆ ಸುತ್ತಿಕೊಂಡು ಕೊನೆಯಲ್ಲಿ ನಿಂತವಳು, ಮುಖ ಮೇಲೆ ಮಾಡಿ, ಬೀಡಿ ಹುಡಿ ತಿಂದ ಆ ಸ್ವರದಲ್ಲಿ ಕೇಳಿದಳು:

"ಏರೆನ ಗಂಜಿ?"

ಮೈಮೂನ ಹಲ್ಲು ಕಚ್ಚಿಕೊಂಡೇ ಹೇಳಿದಳು, "ನೀರ್ದ ಗಂಜಿ!" ಹಿಮ್ಮಡಿಗಳು ಒಟ್ಟಿಗೆ ಎದ್ದು ಒಟ್ಟಿಗೆ ಕೂತವು. ಎರಡನೇ ಸಲ ಹುಣಿಯ ಮುದುಕಿಯರು ಹೇಳಿದರು. ಮೂರನೇ ಸಲ ಕಾರಿನಲ್ಲಿ ಬಂದವರು, ಫೋಟೊ ತೆಗೆಯುವವರು, ಐಸ್‌ಕ್ಯಾಂಡಿಯವನು, ಎಲ್ಲರೂ. ಫೋಟೊದಲ್ಲಿ ಧಣಿಗಳು ಹಾರ ಹಾಕಿಕೊಂಡು ಎದುರೇ ಕೂತಿದ್ದರು. ಅವರ ಮನೆಯ ಎದುರು ಆ ಮಾತು ಕೇಳಿದ್ದು ಅದೇ ಮೊದಲು. ಅಳದಂಗಡಿಯವರು ಮುಗ್ಗರಿಸಿ ಗೆರೆ ದಾಟಿ ಬಂದು ಕೆಸರಿಗೆ ಬಿದ್ದರು.

ಮೈಕಿನವನು ಅಧ್ಯಕ್ಷರ ಮುಖ ನೋಡಿದ. ಪ್ರಭಾಕರಣ್ಣ ಅವನ ಕೈಯಿಂದ ಮೈಕು ತೆಗೆದುಕೊಂಡರು. "ನಿಯಮ ಎಲ್ಲರೂ ಕೇಳಿದ್ದೀರಿ. ಆದರೆ ಹೆಂಗಸರು, ಆವೇಶದಲ್ಲಿ ಹೇಳಿರಬಹುದು. ವನಿತಾ, ಮೇಲೆ ಬಾ. ತಪ್ಪಾಯ್ತು ಅಂತ ಒಂದು ಮಾತು ಹೇಳು. ಫಲಕ ನಿಮಗೇ. ಬಂಟ್ವಾಳಕ್ಕೆ ನೀವೇ ಹೋಗಿ."

ವನಿತಾ ಕೆಸರು ಸುರಿಸುತ್ತಾ ಮೆಟ್ಟಿಲು ಹತ್ತಿದಳು. ಹೇಳಲಿ ಅಂತಲೇ ನನಗೆ ಇತ್ತು. ಒಂದು ಮಾತಿಗೆ ಬಾಯಿ ಸವೆಯುತ್ತದಾ? ಅವಳು ಮೈಕು ಹಿಡಿದುಕೊಂಡು ಶಾಲೆಯ ಮಕ್ಕಳ ಹಾಗೆ ನಿಧಾನಕ್ಕೆ ಹೇಳಿದಳು:

"ಗಂಜಿ ಕುಡಿದದ್ದು ನಾನಲ್ಲ. ನನ್ನ ಅತ್ತೆ ಅಲ್ಲಿ ಕೂತಿದ್ದಾರೆ. ಗಂಜಿ ನೀರಾಗಿರಲಿಲ್ಲ ಅಂತ ಅವರು ಹೇಳಲಿ. ಕೂಡಲೇ ನಾನು ತಪ್ಪಾಯ್ತು ಅಂತೇನೆ."

ಇಡೀ ಗದ್ದೆ ನನ್ನ ಕಡೆಗೆ ತಿರುಗಿತು. ಪ್ರಭಾಕರಣ್ಣನೂ ನೋಡಿದರು. ಅವರ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ, ಬೇಡುವ ಹಾಗೆ ಇತ್ತು. ವನಿತಾಳ ಬಂಟ್ವಾಳ, ನಂಬರಿನ ಬನಿಯನು, ಎಲ್ಲ ನನ್ನ ಬಾಯಿಯಲ್ಲಿ ಇತ್ತು. ಒಂದು ಸುಳ್ಳು. ಅದನ್ನು ಎಷ್ಟು ಸಲ ಹೇಳಿಲ್ಲ ನಾವು? ಕಪ್ಪು ಕೊಡೆ ಕಂಡಾಗಲೆಲ್ಲ ಹೇಳಿದ್ದು ಅದೇ ಸುಳ್ಳು ಅಲ್ಲವಾ?

ವೀಳ್ಯ ಉಗಿದೆ. ಎದ್ದು ನಿಂತೆ.

"ನೀರೇ" ಅಂದೆ.

ವನಿತಾ ಮೈಕನ್ನು ಪ್ರಭಾಕರಣ್ಣನ ಕೈಗೆ ಕೊಟ್ಟು ಕೆಳಗೆ ಇಳಿದಳು. ಫಲಕ ಅಳದಂಗಡಿಯವರಿಗೆ ಹೋಯಿತು.

ಆ ಸಂಜೆ ಹಿತ್ತಿಲಿನಲ್ಲಿ ಅವಳ ಬೆನ್ನಿನ ಕೆಸರಿಗೆ ಬಿಸಿನೀರು ಹೊಯ್ಯುವಾಗ ಕೇಳಿದೆ, "ಬೇಜಾರಾ?"

"ಬೇಜಾರು ಇಲ್ಲದೆ ಎಂತ? ಬಂಟ್ವಾಳ ಹೋಯಿತಲ್ಲ" ಅಂದಳು. ಮತ್ತೆ ಇನ್ನೊಂದು ಚೆಂಬು ನೀರಿಗೆ ಬೆನ್ನು ಒಡ್ಡಿ, "ನೀವೆಲ್ಲಿ ಸುಳ್ಳು ಹೇಳ್ತೀರೇನೋ ಅಂತ ಹೆದರಿದೆ."

"ಬಾಯಿವರೆಗೆ ಬಂದಿತ್ತು."

"ಗೊತ್ತು. ವೀಳ್ಯ ಅಗಿಯುವುದು ನಿಂತಿತ್ತು."

ಮರುದಿವಸ ಬೆಳಿಗ್ಗೆ ಬೀಡಿ ಕಟ್ಟಲಿಕ್ಕೆ ಕೂತಳು.

ಆ ಆಟದ ವೀಡಿಯೊವನ್ನು ಯಾರೋ ಮೊಬೈಲಿನಲ್ಲಿ ಬಿಟ್ಟರು. ಆಮೇಲೆ ಅದನ್ನು ಹಿಡಿಯುವವರು ಯಾರು? ಶಾಲೆಗೆ ಹೋಗುವ ಬಸ್ಸಿನಲ್ಲಿ ಮಕ್ಕಳು ಎರಡು ಬದಿ ಮಾಡಿ ಕೇಳುವುದು, ಹೇಳುವುದು. ವಾಲಿಬಾಲಿನಲ್ಲಿ ಚೆಂಡು ನೆಟ್ಟಿಗೆ ಬಿದ್ದರೆ ಗಂಜಿ. ಕ್ರಿಕೆಟಿನಲ್ಲಿ ಕ್ಯಾಚು ಬಿಟ್ಟರೆ ಗಂಜಿ. ಬೆಳ್ತಂಗಡಿಯ ಡಿಜೆಯವನು ಅದಕ್ಕೆ ಡೋಲು ಸೇರಿಸಿದ. ಯಾರ ಗಂಜಿ ಅಂತ ಕೇಳುವವರು ಇಲ್ಲ, ಎದುರಿನವನು ನೀರಾದರೆ ಆಯಿತು. ವನಿತಾಳಿಗೆ ಸಿಟ್ಟು ಬರುತ್ತಿತ್ತು. ನನಗೆ ಬರಲಿಲ್ಲ. ಅಪ್ಪಿಯಕ್ಕ ಮಾಡಿದ್ದು ನನ್ನ ಬಾಯಿಗೆ ಬಂದಿತು, ನನ್ನ ಬಾಯಿಯದ್ದು ಇವಳಿಗೆ, ಇವಳದ್ದು ಅವರಿಗೆ. ಬೊಬ್ಬೆಯನ್ನು ಪೆಟ್ಟಿಗೆ ಒಳಗೆ ಇಟ್ಟು ಬೀಗ ಹಾಕಲಿಕ್ಕೆ ಆಗುತ್ತದಾ?

ಬಂಟ್ವಾಳದ ಕೂಟದ ದಿವಸ ವನಿತಾಳೇ ಬೆಳಿಗ್ಗೆ ಸೀರೆ ಉಟ್ಟು ನಿಂತಳು. "ನೋಡಿಯಾದರೂ ಬರುವ ಅತ್ತೆ." ಮೈಮೂನ ಬುರ್ಖಾ ಹಾಕಿ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಳು. ಜನವೋ ಜನ. ಅಲ್ಲಿಯೂ ಕೆಸರಿನದ್ದೇ ಆಟ. ನಾವು ಬೇಲಿಗೆ ಕಟ್ಟಿದ ಹಗ್ಗದ ಹೊರಗೆ, ಎಲ್ಲರ ಒಟ್ಟಿಗೆ ನಿಂತೆವು. ವೇದಿಕೆಯಲ್ಲಿ ಅತಿಥಿಗಳ ಸಾಲು, ಅದರಲ್ಲಿ ಪ್ರಭಾಕರಣ್ಣ, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು. ನಮ್ಮನ್ನು ಕಂಡರು. ಕಾಣದ ಹಾಗೆ ಮಾಡಲಿಲ್ಲ, ನಗಾಡಲೂ ಇಲ್ಲ.

ಅಳದಂಗಡಿಯ ಟೀಮು ಇಳಿಯಿತು, ಬೆನ್ನಿಗೆ ನಂಬರು. ವನಿತಾ ಆ ನಂಬರುಗಳನ್ನೇ ನೋಡುತ್ತಿದ್ದಳು. ಹಗ್ಗ ಬಿಗಿಯಾಯಿತು. ಶಶಿಕಲಾ ಬಾಯಿ ತೆರೆದು ಎಂತ ಕೇಳಬೇಕು?

"ಏರೆನ ಗಂಜಿ?"

"ಕಳ್ಳಿಯರು! ಫಲಕವೂ ಬೇಕು, ಬೊಬ್ಬೆಯೂ ಬೇಕು ಇವರಿಗೆ!" ಅಂದಳು ಮೈಮೂನ.

ಆದರೆ ಅವರಿಗೆ ಬೊಬ್ಬೆ ಮಾತ್ರ ಗೊತ್ತಿತ್ತು. ನೇಜಿ ಗೊತ್ತಿರಲಿಲ್ಲ. ಪ್ರಶ್ನೆಗೇ ಎಳೆದುಬಿಟ್ಟರು. ಉತ್ತರ ಹೇಳುವಾಗ ಉಸಿರು ಮುಗಿದಿತ್ತು. ಎದುರಿನ ಟೀಮು ಅವರನ್ನು ಬಾಳೆ ದಿಂಡಿನ ಹಾಗೆ ಎಳೆದು ಹಾಕಿತು. ಎರಡನೇ ಎಳೆತಕ್ಕೆ ನಿಂತರು. ಮತ್ತೆ ಅದೇ ತಪ್ಪು, ಹಗ್ಗ ಮತ್ತೆ ಆಚೆ ಹೊರಟಿತು.

ವನಿತಾ ಕೈ ಕಟ್ಟಿ ನಿಂತಿದ್ದಳು. ಅವರು ಸೋಲಲಿ ಅಂತ ಅವಳಿಗೆ ಇತ್ತು, ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ತಪ್ಪು ಹೆಜ್ಜೆ ನೋಡಿಕೊಂಡು ನಿಲ್ಲುವುದು ಇದೆಯಲ್ಲ, ಅದು ಆಗುವುದಿಲ್ಲ. ಅವಳ ಕಾಲು ಒಣ ನೆಲದಲ್ಲೇ ಹಿಂದೆ ಹಿಂದೆ ಹೋಗುತ್ತಿತ್ತು. ಕಡೆಗೆ ತಡೆಯಲಿಕ್ಕಾಗದೆ ಮುಂದೆ ನುಗ್ಗಿ ಕಿರುಚಿದಳು, "ಪ್ರಶ್ನೆಗೆ ಎಳೀಬೇಡಿಯಾ! ಉತ್ತರಕ್ಕೆ! ಉತ್ತರಕ್ಕೆ ಎಳೀರಿ!"

ಶಶಿಕಲಾ ತಿರುಗಿ ನೋಡಿದಳು. ವನಿತಾಳನ್ನು ಕಂಡಳು, ಅವಳ ಹಿಂದೆ ನನ್ನನ್ನು ಕಂಡಳು. ಹಗ್ಗ ಬಿಡದೆ, ಕೆಂಪಾದ ಮುಖದಲ್ಲಿ, "ಹಾಗಾದರೆ ನೀವೇ ಕೇಳಿ ಅಕ್ಕ!" ಅಂದಳು.

ಬಾಯಿ ಮುಚ್ಚುತ್ತೇನೆ ಅಂತ ನಾನು ಹೇಳಿದ್ದು ಬಾಕಿಮಾರಿಗೆ. ಇದು ಬಂಟ್ವಾಳ.

ವೇದಿಕೆ ನೋಡಿದೆ. ಪ್ರಭಾಕರಣ್ಣನಿಗೆ ಗೊತ್ತಾಯಿತು. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಎರಡೂ ಕೈಯಲ್ಲಿ ಕುರ್ಚಿ ಹಿಡಿದುಕೊಂಡು ಕೂತರು. ಅಳದಂಗಡಿಯವರನ್ನು ಬಿಟ್ಟರೆ ಅಲ್ಲಿದ್ದ ಅಷ್ಟು ಜನರಲ್ಲಿ ಗಂಜಿ ಯಾರದ್ದು ಅಂತ ಗೊತ್ತಿದ್ದದ್ದು ನಮ್ಮ ಮೂವರಿಗೆ ಮತ್ತು ಅವರಿಗೆ. ನಾನು ಹಗ್ಗ ನೋಡಲಿಲ್ಲ, ಅಳದಂಗಡಿಯವರನ್ನೂ ನೋಡಲಿಲ್ಲ. ಪ್ರಭಾಕರಣ್ಣನ ಮುಖವನ್ನೇ ನೋಡಿಕೊಂಡು, ಹೊಟ್ಟೆಯಿಂದ ಸ್ವರ ತೆಗೆದು ಕೇಳಿದೆ.

ಉತ್ತರ ನಾನು ಹೇಳಬೇಕಾಗಿ ಬರಲಿಲ್ಲ. ಇಡೀ ಬಂಟ್ವಾಳ ಹೇಳಿತು.